ಸಮುದ್ರದ ಮೀನಿಗೆ ಅಮ್ಮ ಬಂದಾಗ

ನಮ್ಮ ನಡುಮನೆಯಲ್ಲಿ ಸಮುದ್ರದ ನೀರಿದೆ ಎಂದರೆ ಹೆಬ್ಬಾಳದಲ್ಲಿ ಯಾರೂ ನಂಬುತ್ತಿರಲಿಲ್ಲ. ಗಾಜಿನ ತೊಟ್ಟಿಗೆ ಬೆರಳದ್ದಿ, ನಾಲಿಗೆಗೆ ಮುಟ್ಟಿಸಿಕೊಂಡು, ಮುಖ ಕಿವುಚಿಕೊಂಡ ಮೇಲೆಯೇ ಒಪ್ಪುತ್ತಿದ್ದರು.

ನನ್ನ ಮೈದುನ ಮದ್ರಾಸು ರೈಲಿನಲ್ಲಿ ಗಾರ್ಡ್ ಆಗಿದ್ದ. ಮದ್ರಾಸಿನಲ್ಲಿ ಮೀನು ಸಾಕುವ ಒಬ್ಬರ ಪರಿಚಯವಾಗಿ ಅವನಿಗೂ ಹುಚ್ಚು ಹಿಡಿಯಿತು. ದೊಡ್ಡ ಗಾಜಿನ ಬುಡ್ಡಿಗಳಲ್ಲಿ ಸಮುದ್ರದ ನೀರು ತುಂಬಿ, ಹುಲ್ಲು ಸುತ್ತಿ, ಗಾರ್ಡಿನ ಡಬ್ಬಿಯಲ್ಲಿಟ್ಟುಕೊಂಡು ದಂಡಿನ ಸ್ಟೇಷನ್ನಿಗೆ ತರುತ್ತಿದ್ದ. ಅಲ್ಲಿಂದ ಜಟಕಾ. "ಅತ್ತಿಗೆ, ಸಮುದ್ರಾನೇ ಹೊತ್ಕೊಂಡ್ ಬಂದಿದೀನಿ, ಒಂದ್ ಲೋಟ ಕಾಫಿನಾದ್ರೂ ಕೊಡಿ" ಎಂದು ಬಾಗಿಲಿನಿಂದಲೇ ಕೂಗುವನು. ನಮ್ಮತ್ತೆ ನಮ್ಮ ತೋಟದ ದ್ರಾಕ್ಷಿ ಬುಟ್ಟಿಯ ಮುಂದೆ ಕೂತವರು ತಲೆ ಎತ್ತದೆ, "ಲೋಕದ ಮಕ್ಕಳು ಕಾಸಿಯಿಂದ ಗಂಗೆ ತತ್ತಾರೆ, ನನ್ ಮಗ ಉಪ್ನೀರ್ ತತ್ತಾನೆ" ಅನ್ನುವರು. ಅಂದರೂ ಬುಡ್ಡಿಗಳಿಗೆ ಉಗ್ರಾಣದಲ್ಲಿ ತಂಪು ಜಾಗ ಬಿಡಿಸಿಕೊಟ್ಟವರು ಅವರೇ.

ನೀರಿಗೆ ಗಾಳಿ ಬೇಕು. ಅದಕ್ಕೊಂದು ಹಳೆಯ ಲಾರಿ ಟ್ಯೂಬು. ಸೈಕಲ್ ಪಂಪಿನಿಂದ ಅದನ್ನು ಉಬ್ಬಿಸಿದರೆ ಸಣ್ಣ ರಬ್ಬರ್ ನಳಿಗೆಯ ಮೂಲಕ ತೊಟ್ಟಿಯೊಳಗೆ ಗುಳುಗುಳು ಗುಳ್ಳೆ ಬರುತ್ತಿತ್ತು. ಪಂಪು ಒತ್ತುವುದು ಅವನ ಮಗಳ ಕೆಲಸ. ಇಡೀ ಮೈ ಪಂಪಿನ ಮೇಲೆ ಹಾಕಿ ಒತ್ತುವಳು. ಆಮೇಲೆ ತೊಟ್ಟಿಯ ಗಾಜಿಗೆ ಬಾಯಿ ಅಂಟಿಸಿ ಮೀನಿನ ಹಾಗೆ ತುಟಿ ಬಿಚ್ಚಿ ಮುಚ್ಚುವಳು. ಅವಳಿಗೆ ಐದು ತುಂಬಿರಲಿಲ್ಲ. ಗಾಜಿನ ಮೇಲೆ ಅವಳ ಬಾಯಿಯ ಗುರುತು ದುಂಡಗೆ ಉಳಿದಿರುತ್ತಿತ್ತು. ಸೆರಗಿನಲ್ಲಿ ಒರೆಸುವುದು ನನ್ನ ಪಾಲು.

ಮೀನುಗಳಿಗೆ ಕಾಯಿಲೆ ಬರುವುದಕ್ಕೆ ಹಿಂದಿನ ಬೇಸಿಗೆಯಲ್ಲಿ ಆ ಮಗು ಸಿಡುಬಿನಿಂದ ಹೋಯಿತು. ನಾನು ಆಗ ಬಾಣಂತನಕ್ಕೆ ತವರಿನಲ್ಲಿದ್ದೆ, ಕೇಳಿ ತಿಳಿದದ್ದಷ್ಟೇ. ಸಿಡುಬೆಂದರೆ ಅಮ್ಮ, ಆಕೆ ಮೈಮೇಲೆ ಬಂದಾಗ ಔಷಧಿ ಕೊಟ್ಟರೆ ಮುನಿಯುತ್ತಾಳೆ ಎಂದು ಅತ್ತೆ ಡಾಕ್ಟರನ್ನು ಗೇಟಿನಿಂದಲೇ ಕೈಮುಗಿದು ಕಳಿಸಿದ್ದರಂತೆ. ಬೇವಿನ ಸೊಪ್ಪಿನ ಮೇಲೆ ಮಗುವನ್ನು ಮಲಗಿಸಿ, ನಿದ್ದೆಯಿಲ್ಲದೆ ಬೇವಿನ ಕೊಂಬೆಯಲ್ಲಿ ಗಾಳಿ ಹಾಕಿದ್ದರಂತೆ. ನನ್ನ ಓರಗಿತ್ತಿ, ಮಗುವಿನ ತಾಯಿ, ಬಾಗಲೂರಿನ ಕಡೆಯವಳು, ಆಗ ಒಂದು ಮಾತೂ ಎದುರಾಡಲಿಲ್ಲ. ಆಮೇಲೂ ಆಡಲಿಲ್ಲ. ಅತ್ತೆಗೆ ಊಟ ಬಡಿಸುವಳು, ತಲೆಗೆ ಎಣ್ಣೆ ಹಚ್ಚುವಳು, ಮುಖ ಮಾತ್ರ ನೋಡುತ್ತಿರಲಿಲ್ಲ.

ತೊಟ್ಟಿಯನ್ನು ತೆಗೆದುಹಾಕೋಣವೆಂದು ಮೈದುನ ಅಂದಾಗ ಅವಳು ಬೇಡವೆಂದಳು. ಪಂಪು ಒತ್ತುವ ಕೆಲಸ ತಾನೇ ಹಿಡಿದಳು.

ಒಂದು ಬೆಳಿಗ್ಗೆ ನಾನು ಗಾಜು ಒರೆಸುವಾಗ ಹಳದಿ ಮೀನಿನ ರೆಕ್ಕೆಯ ಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆಗಳು ಕಂಡವು. ಮರಳೇನೋ ಅಂದುಕೊಂಡೆ. ಮೀನು ಕಲ್ಲಿಗೆ ಮೈ ಉಜ್ಜುತ್ತಿತ್ತು, ತುರಿಕೆ ಹತ್ತಿದ ಎಮ್ಮೆ ಕಂಬಕ್ಕೆ ಉಜ್ಜಿಕೊಂಡ ಹಾಗೆ. ಸಂಜೆಗೆ ಎಲ್ಲವಕ್ಕೂ ಚುಕ್ಕೆ. ಕಿವಿರು ಬಿಡುವಿಲ್ಲದೆ ಬಡಿಯುತ್ತಿತ್ತು.

ಅತ್ತೆ ಬಂದು ಬಗ್ಗಿ ನೋಡಿದರು. ಕೈ ತಾನಾಗಿ ಕೆನ್ನೆಗೆ ಹೋಯಿತು. "ಅಮ್ಮ ಬಂದವ್ಳೆ ಕಣವ್ವ. ನೋಡು, ಇಂಗೆ ಮೈತುಂಬ ಮುತ್ತು ಸುರ್ದವ್ಳೆ." ಅಷ್ಟೇ. ಹಿತ್ತಲಿಗೆ ಹೋಗಿ ಬೇವಿನ ಸೊಪ್ಪು ಮುರಿದು ತಂದು ತೊಟ್ಟಿಯ ಮೇಲೆ ಇಟ್ಟರು. ಮನೆಯಲ್ಲಿ ಒಗ್ಗರಣೆ ನಿಂತಿತು. ಸಾಸಿವೆ ಸಿಡಿಯಬಾರದು, ಘಾಟು ಏಳಬಾರದು. ಮೀನಿಗಾಗಿ ನಾವೆಲ್ಲ ಸಪ್ಪೆ ಸಾರು ಉಂಡೆವು. ನನಗೆ ನಗು ಬರಬೇಕಿತ್ತು. ಕಾನ್ವೆಂಟಿನಲ್ಲಿ ಕಲಿತವಳು. ಅತ್ತೆ ಊಟದ ನಡುವೆ ಎದ್ದೆದ್ದು ಹೋಗಿ ತೊಟ್ಟಿ ನೋಡಿ ಬರುತ್ತಿದ್ದುದರಿಂದ ನಗು ಬರಲಿಲ್ಲ.

ಅವತ್ತೇ ಮದ್ರಾಸಿನಿಂದ ಬಂದ ಮೈದುನ ತೊಟ್ಟಿ ನೋಡಿ ಟೋಪಿ ತೆಗೆದು ನಿಂತುಬಿಟ್ಟ. ಮೀನು ಸಾಕುವ ಆ ಮದ್ರಾಸಿನವರು ಹಿಂದೆಯೇ ಎಚ್ಚರಿಸಿದ್ದರಂತೆ. "ಇದು ಕಣ್ಣಿಗೆ ಕಾಣದ ಹುಳ ಅತ್ತಿಗೆ. ಮೈಗೆ ಹತ್ತಿ ತಿನ್ನುತ್ತೆ, ಉದುರಿ ಕೆಳಗೆ ಬಿದ್ದು ಮರಿಯಾಗುತ್ತೆ, ಮತ್ತೆ ಹತ್ತುತ್ತೆ. ಬಿಟ್ರೆ ತೊಟ್ಟಿಗೆ ತೊಟ್ಟಿನೇ ಹೋಗುತ್ತೆ. ಮೈಲುತುತ್ತ ಒಂದೇ ಮದ್ದು. ಸ್ವಲ್ಪ ಜಾಸ್ತಿಯಾದ್ರೆ ಅದೇ ವಿಷ."

ಮೈಲುತುತ್ತಕ್ಕೆ ನಮ್ಮಲ್ಲಿ ಬರವಿರಲಿಲ್ಲ. ದ್ರಾಕ್ಷಿಗೆ ಬೂಜು ರೋಗ, ಎಲೆ ರೋಗ ಎಂದು ಸುಣ್ಣದ ಜೊತೆ ಬೆರೆಸಿ ಹೊಡೆಯುವುದು ಅದನ್ನೇ. ತೋಟದ ಪಂಪ್‌ಶೆಡ್ಡಿನಲ್ಲಿ ನೀಲಿ ಹರಳಿನ ಮೂಟೆಯೇ ಇತ್ತು.

"ಬ್ಯಾಡ" ಅಂದರು ಅತ್ತೆ. "ಅಮ್ಮ ಇರೋ ಮನೇಲಿ ಔಸ್ದಿ ಮುಟ್ಟಬ್ಯಾಡ್ರಿ."

"ಮೀನಿಗೆ ಅಮ್ಮ ಬರ್ತಾಳೇನವ್ವ?" ಎಂದ ಮೈದುನ.

"ಜೀವ ಇರೋವೆಲ್ಲಾ ಆಕೇವೇ ಕಣೋ."

ಓರಗಿತ್ತಿ ಪಂಪು ಒತ್ತುತ್ತಿದ್ದಳು. ಒತ್ತುವುದನ್ನು ನಿಲ್ಲಿಸಿದಳು. ಅಷ್ಟು ದಿನಗಳ ಮೇಲೆ ಮೊದಲ ಸಲ ಅತ್ತೆಯ ಮುಖ ನೋಡಿದಳು.

"ಹೋದ್ ಸಲ ನಿಮ್ ಮಾತು ಕೇಳ್ದೆ ಅತ್ತೆ. ಈ ಸಲ ನಾನು ಔಷಧಿ ಹಾಕ್ತೀನಿ."

ಅತ್ತೆ ತೊಟ್ಟಿಯ ಮೇಲಿನ ಬೇವಿನ ಸೊಪ್ಪನ್ನು ಎತ್ತಿಕೊಂಡರು. "ಅಂಗಾರೆ ಮನೆಯಿಂದ ಆಚೆ ಹಾಕವ್ವ" ಎಂದಷ್ಟೇ ಹೇಳಿ ಒಳಗೆ ಹೋದರು.

ಹೀಗೆ ಮೀನುಗಳು ಪಂಪ್‌ಶೆಡ್ಡಿಗೆ ಹೋದವು. ಅಗಲವಾದ ಎನಾಮಲ್ ಟಬ್ಬಿಗೆ ಉಗ್ರಾಣದ ಸಮುದ್ರದ ನೀರು ಸುರಿದೆವು. ಕಲ್ಲು, ಮರಳು ಏನೂ ಇರಬಾರದು, ಔಷಧಿಯನ್ನು ಅವೇ ಕುಡಿದುಬಿಡುತ್ತವೆ ಎಂದು ಮೈದುನ ಹೇಳಿ ಡ್ಯೂಟಿಗೆ ಹೊರಟುಹೋದ. ಉಳಿದವರು ನಾವಿಬ್ಬರೇ. ಉದ್ದಿನ ಕಾಳಿನಷ್ಟು ಹರಳನ್ನು ಒಂದು ಬಾಟಲಿ ನೀರಿಗೆ ಕರಗಿಸಿದೆ. ಅದನ್ನು ಅಳೆದು ಬಿಡಲು ಏನಾದರೂ ಬೇಕಲ್ಲ ಎಂದಾಗ ಅವಳು ಮನೆಗೆ ಹೋಗಿ ಟ್ರಂಕು ತೆಗೆದು ಬೆಳ್ಳಿಯ ಒಳಲೆ ತಂದಳು. ಮಗುವಿಗೆ ಹಾಲು ಕುಡಿಸುತ್ತಿದ್ದ ಒಳಲೆ. ನಾನು ಅದನ್ನೇ ನೋಡುತ್ತಿದ್ದೆ. "ಇದ್ರಲ್ಲಿ ಸಣ್ಣಗೆ ಬೀಳುತ್ತೆ ಅಕ್ಕ" ಎಂದಳು.

ಔಷಧಿ ಬಿಟ್ಟದ್ದು ಅವಳೇ. ಟಬ್ಬಿನ ಅಂಚಿನಲ್ಲಿ ಒಂದೊಂದೇ ಹನಿ ಬಿಟ್ಟು ನಿಲ್ಲಿಸುವಳು, ಮೀನುಗಳ ಉಸಿರು ನೋಡುವಳು, ಮತ್ತೆ ಬಿಡುವಳು. ಶೆಡ್ಡಿನಲ್ಲಿ ದ್ರಾಕ್ಷಿಗೆ ಹೊಡೆಯುವ ಗಂಧಕದ ವಾಸನೆ, ಹೊರಗೆ ಚಪ್ಪರದ ಮೇಲೆ ಗಿಳಿಗಳ ಗದ್ದಲ. ಕಾಯಿಲೆ ನಮಗಿಂತ ಚುರುಕಾಗಿತ್ತು. ಮಗು ಬಾಯಿ ಅಂಟಿಸಿ ಆಡುತ್ತಿದ್ದ ಹಳದಿ ಮೀನು ಮೊದಲು ಹೋಯಿತು. ಒಂದು ಕ್ಷಣ ನೀರಿನಲ್ಲಿ ನೆಟ್ಟಗೆ ನಿಂತು ಹಾಗೇ ಮಗ್ಗುಲಾಯಿತು. ಕಿತ್ತಳೆ ಬಣ್ಣದ ಜೋಡಿ ಮೇಲೆ ತೇಲಿ ಬಾಯಿ ಬಿಡುತ್ತ ಬಿಡುತ್ತ ಒಂದರ ಹಿಂದೊಂದು ಸತ್ತವು. ಮೈಮೇಲಿನ ಚುಕ್ಕೆ ಸೇರಿ ಸುಣ್ಣ ಬಳಿದಂತಾಗಿತ್ತು. ಔಷಧಿ ಹೆಚ್ಚಾಯಿತೋ, ತಡವಾಯಿತೋ, ಹೇಳುವವರಿರಲಿಲ್ಲ.

ಸತ್ತ ಪ್ರತಿಯೊಂದನ್ನೂ ಬಾಳೆಲೆಯಲ್ಲಿ ಸುತ್ತಿ ನಾನು ಮನೆಗೆ ತರುತ್ತಿದ್ದೆ. ಅತ್ತೆ ಅರಿಶಿನ ಹಚ್ಚಿ ಬೇವಿನ ಬುಡದಲ್ಲಿ ಹೂಳುವರು. ಶೆಡ್ಡಿನ ಕಡೆಗೆ ಒಮ್ಮೆಯೂ ಬರಲಿಲ್ಲ. ಬರಿದಾದ ತೊಟ್ಟಿಯ ಮುಂದೆ ಕೂತಿರುತ್ತಿದ್ದರು. ಒಮ್ಮೆ ನೋಡಿದೆ, ಬೇವಿನ ಕೊಂಬೆಯಿಂದ ಗಾಜಿಗೆ ಗಾಳಿ ಹಾಕುತ್ತಿದ್ದರು. ಒಳಗೆ ಏನೂ ಇರಲಿಲ್ಲ.

ಕೊನೆಗೆ ಟಬ್ಬಿನಲ್ಲಿ ಉಳಿದದ್ದು ಕಪ್ಪುಬಿಳಿ ಪಟ್ಟೆಯ ಒಂದೇ ಒಂದು ಮೀನು. ಜಗಳಗಂಟ, ಉಳಿದವುಗಳ ಬಾಲ ಕಚ್ಚುತ್ತಿದ್ದದ್ದು. ಯಾರಿಗೂ ಅದರ ಮೇಲೆ ಅಂಥ ಪ್ರೀತಿಯಿರಲಿಲ್ಲ. ಬೆಳಿಗ್ಗೆ ನಾವು ಹೋದಾಗ ಅದರ ಮೈ ಸ್ವಚ್ಛವಾಗಿತ್ತು. ಒಂದು ಚುಕ್ಕೆಯಿಲ್ಲ. ಬೆರಳು ತೋರಿಸಿದರೆ ಕಚ್ಚಲು ಬಂತು.

ಓರಗಿತ್ತಿ ಟಬ್ಬಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಬಹಳ ಹೊತ್ತು ನೋಡಿದಳು. ಖುಷಿಯಾಗಬಹುದೆಂದು ನಾನು ಕಾದೆ.

"ಔಷಧಿ ಕೆಲಸ ಮಾಡುತ್ತೆ ಅಕ್ಕ" ಎಂದಳು. ಒಳಲೆಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

ಮನೆಗೆ ಬಂದರೆ ಅತ್ತೆ ಹೊಸಿಲಿನ ಮೇಲೆಯೇ ಕಾಯುತ್ತಿದ್ದರು. ರಾತ್ರಿ ಮಲಗಿದ ಹಾಗೆ ಕಾಣಲಿಲ್ಲ. ನನ್ನ ಕೈಯಲ್ಲಿ ಬಾಳೆಲೆ ಇದೆಯೇ ಎಂದು ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಓರಗಿತ್ತಿಯನ್ನು ಕೇಳಿದರು. ಚುಚ್ಚಿ ಕೇಳಿದ್ದಲ್ಲ. ಆ ದನಿಯನ್ನು ನಾನು ಇಂದಿಗೂ ಮರೆತಿಲ್ಲ. ಚಿಕ್ಕ ಹುಡುಗಿ ಕೇಳಿದ ಹಾಗಿತ್ತು.

"ಔಸ್ದಿ ಹಾಕಿದ್ರೂ ಉಳೀಲಿಲ್ವೇನವ್ವ?"

ನಾನು ಬಾಯಿ ತೆರೆದೆ. ಓರಗಿತ್ತಿ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಅವಳ ಬೆರಳ ತುದಿಗಳು ಮೈಲುತುತ್ತದಿಂದ ನೀಲಿಗಟ್ಟಿದ್ದವು.

"ಇಲ್ಲ ಅತ್ತೆ. ಒಂದೂ ಉಳೀಲಿಲ್ಲ. ಕೊನೇದನ್ನ ತೋಟದಲ್ಲೇ ಹೂತ್ವಿ."

"ಔಸ್ದಿ ಹಾಕಿದ್ರೂ?"

"ಹಾಕಿದ್ರೂ."

ಅತ್ತೆ ಬಾಗಿಲ ಚೌಕಟ್ಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ಉಸಿರು ಹೊರಗೆ ಬಂತು, ಬಹಳ ದಿನದಿಂದ ಒಳಗೇ ಹಿಡಿದಿಟ್ಟುಕೊಂಡಿದ್ದಂತೆ. ಅವತ್ತು ಮಧ್ಯಾಹ್ನ ಚಾಪೆಯ ಮೇಲೆ ಉರುಳಿದವರು ದೀಪ ಹಚ್ಚುವವರೆಗೂ ನಿದ್ದೆ ಮಾಡಿದರು.

ಮೈದುನ ಬಂದಾಗ ಓರಗಿತ್ತಿಯೇ ಶೆಡ್ಡಿಗೆ ಕರೆದೊಯ್ದು ಉಳಿದ ಮೀನನ್ನು ತೋರಿಸಿ ಹೇಳಿದಳು: "ಅದನ್ನ ಇಲ್ಲಿ ಇಟ್ಕೋಬಾರ್ದು. ಸಮುದ್ರಕ್ಕೆ ಬಿಟ್ಟು ಬನ್ನಿ." ಅವನು ಒಮ್ಮೆ ಅವಳನ್ನು, ಒಮ್ಮೆ ಮನೆಯ ಕಡೆ ನೋಡಿ, ಏಕೆಂದು ಕೇಳದೆ ಒಪ್ಪಿದ. ಹಾಲಿನ ಕ್ಯಾನಿನಲ್ಲಿ ಮೀನನ್ನು ಹಾಕಿಕೊಂಡು, ತೋಟದ ಹಿಂದಿನ ದಾರಿಯಿಂದ ಸ್ಟೇಷನ್ನಿಗೆ ಸೈಕಲ್ ಏರಿದ. ಚಪ್ಪರದ ಕೆಳಗೆ ನಾವಿಬ್ಬರೂ ನಿಂತಿದ್ದೆವು. ಅವಳು ಒಳಲೆಯನ್ನು ಸೆರಗಿನ ತುದಿಯಲ್ಲಿ ಒರೆಸುತ್ತಲೇ ಇದ್ದಳು.

ಅಡಿಗೆಮನೆಯಿಂದ ಸಾಸಿವೆ ಸಿಡಿಯುವ ಸದ್ದು ಬಂತು. ಅತ್ತೆ ತಾವೇ ಒಗ್ಗರಣೆಗೆ ಇಟ್ಟಿದ್ದರು. ಘಾಟು ತೋಟದವರೆಗೂ ಬಂದು ಮೂಗಿಗೆ ಹತ್ತಿತು. ಓರಗಿತ್ತಿ ಕಣ್ಣೊರೆಸಿಕೊಂಡು, "ಮೆಣಸಿನಕಾಯಿ ಜಾಸ್ತಿ ಹಾಕಿದಾರೆ" ಎಂದಳು. ಇಬ್ಬರೂ ಊಟಕ್ಕೆ ಹೋದೆವು.