ಅಭಿವೃದ್ಧಿ ಶುಲ್ಕ ಮತ್ತು ಬಾಬಾಜಾನ್ ಕಟ್ಟದ ಆರು ಮನೆ

ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ. ಬೆಳಿಗ್ಗೆ ಹೊಸ ಗೋಡೆಗೆ ನೀರು ಹೊಡೆದಾಗ ಬರುವ ಹಸಿ ಸಿಮೆಂಟಿನ ವಾಸನೆಗೆ ಬಾಬಾಜಾನ್ ನೆನಪಾಗುತ್ತಾರೆ. ಅವರ ಅಂಗಿಗೆ ಸದಾ ಇದೇ ವಾಸನೆ.

ನಾನು ನಗರಸಭೆಯಲ್ಲಿ ಗುಮಾಸ್ತನಾಗಿದ್ದೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಸುತ್ತಿನಲ್ಲೇ ಒಂದು ಊರು ಎಂದಿಟ್ಟುಕೊಳ್ಳಿ. ಹೆಸರು ಹೇಳಲಾರೆ, ಪಿಂಚಣಿ ಬರಬೇಕಲ್ಲ. ಮನೆಗಳ ನಕ್ಷೆ ನೋಡಿ ಅಭಿವೃದ್ಧಿ ಶುಲ್ಕ ಎಷ್ಟೆಂದು ಹೇಳುವುದು ನನ್ನ ಕೆಲಸ. ಅದಕ್ಕೆ ಬೇಕಾದ ಬಿಗಿದ ಮುಖ ನನಗಿತ್ತು. ಹೆಂಡತಿ ಈಗಲೂ ಅದನ್ನು ಆಫೀಸು ಮುಖ ಎನ್ನುತ್ತಾಳೆ.

ಬಾಬಾಜಾನ್ ಗಾರೆ ಕೆಲಸದಿಂದ ಮೇಲೆ ಬಂದ ಮೇಸ್ತ್ರಿ. ಸಣ್ಣ ಜಾಗ ಕೊಂಡು, ಎರಡು ಕೋಣೆಯ ಮನೆಗಳನ್ನು ಕಟ್ಟಿ, ಬಾಡಿಗೆಯಲ್ಲೇ ಕಾಲ ಕಳೆದವರಿಗೆ ಮಾರುತ್ತಿದ್ದರು. ಒಂದು ಸಲ ಆರು ಮನೆಗಳ ನಕ್ಷೆ ತಂದರು. ಒಂದು ಮನೆಯನ್ನು ಅಂಗನವಾಡಿಯ ಮುನಿಲಕ್ಷ್ಮಮ್ಮನವರಿಗೆ ಕೊಡುವುದಾಗಿ ಮಾತಾಗಿತ್ತು; ಅವರೂ ಜೊತೆಗೆ ಬಂದಿದ್ದರು. ಅದೇ ತಿಂಗಳು ಶುಲ್ಕ ಏರಿತ್ತು. ನಾನು ಹೊಸ ಮೊತ್ತ ಹೇಳಿದೆ. ಇದನ್ನು ಬೆಲೆಗೆ ಸೇರಿಸಿದರೆ ಈ ಅಮ್ಮನಿಗೆ ಕೊಳ್ಳಲಾಗದು, ಸೇರಿಸದಿದ್ದರೆ ತಮಗೇನೂ ಗಿಟ್ಟದು ಎಂದರು ಬಾಬಾಜಾನ್. ರಸ್ತೆ, ನೀರು, ಚರಂಡಿಗೆಂದೇ ಈ ಹಣ ಎಂದು ನಾನು ಪಾಠ ಒಪ್ಪಿಸಿದೆ.

"ಒಂದ್ಸಲ ಬಂದು ನೋಡಿ ಸಾರ್," ಎಂದರು. "ಆ ಕಡೆ ಚರಂಡಿ ಎಲ್ಲೈತೆ ಅಂತ ನೀವೇ ತೋರ್ಸಿ."

ಸಂಜೆ ಹೋದೆ. ಮೊದಲೇ ಶುಲ್ಕ ಕಟ್ಟಿದ್ದ ಮನೆಗಳ ಬಚ್ಚಲ ನೀರು ಬೀದಿಯಲ್ಲೇ ನಿಂತಿತ್ತು. ಸಣ್ಣ ಮನೆಗಳಿಗೆ ರಿಯಾಯಿತಿ ಕೊಡಬಹುದೆಂದು ಟಿಪ್ಪಣಿ ಬರೆದೆ. ನಿಯಮದಲ್ಲಿ ಅವಕಾಶವಿಲ್ಲವೆಂದು ಕಡತ ವಾಪಸು ಬಂತು. ತಿಳಿಸಿದಾಗ ಮುನಿಲಕ್ಷ್ಮಮ್ಮ, ಬಾಡಿಗೆ ಮನೆ ಅಭ್ಯಾಸವಾಗಿದೆ ಬಿಡಿ ಎಂದರು. ಬೈದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು.

ಬಾಬಾಜಾನ್ ಆ ಜಾಗವನ್ನು ದೊಡ್ಡ ಬಿಲ್ಡರ್ ಒಬ್ಬರಿಗೆ ಮಾರಿದರು. ಆರು ಮನೆಗಳ ಬದಲು ಅಲ್ಲಿ ಎರಡು ದೊಡ್ಡ ಮನೆಗಳು ಎದ್ದವು. ಆ ಬಿಲ್ಡರಿಗೆ ಶುಲ್ಕ ಭಾರವಾಗಲಿಲ್ಲ. ಆಮೇಲೆ ಚರಂಡಿಯೂ ಆಯಿತು, ಸುಳ್ಳು ಹೇಳಬಾರದು. ಬಾಬಾಜಾನ್ ನಗರಸಭೆಯ ಗಡಿ ದಾಟಿ, ಶುಲ್ಕ ಕಡಿಮೆಯಿದ್ದ ಪಂಚಾಯಿತಿ ಜಾಗದಲ್ಲಿ ಕಟ್ಟತೊಡಗಿದರು. ಅಲ್ಲಿನ ಮೊದಲ ಮನೆ ಮುನಿಲಕ್ಷ್ಮಮ್ಮನವರದು. ನಿವೃತ್ತನಾದಾಗ ಕೈಗೆ ಬಂದ ದುಡ್ಡಿಗೆ ನನಗೂ ಎಟುಕಿದ್ದು ಅಲ್ಲಿನ ಒಂದು ಮನೆಯೇ. ನೀರು ಮಾತ್ರ ಟ್ಯಾಂಕರಿನಲ್ಲಿ ಬರುತ್ತದೆ. ಕಟ್ಟಿದ ಬಾಬಾಜಾನ್ ಈಗ ಗೌರಿಬಿದನೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ.

ಈಗ ನಮ್ಮ ಬಡಾವಣೆಯನ್ನು ನಗರಸಭೆಗೆ ಸೇರಿಸುತ್ತಾರಂತೆ; ಆಗ ಕಟ್ಟಿ ಮುಗಿದ ಮನೆಗಳೂ ಅಭಿವೃದ್ಧಿ ಶುಲ್ಕ ಕಟ್ಟಬೇಕಂತೆ. ಹೋದ ವಾರ ಮುನಿಲಕ್ಷ್ಮಮ್ಮ ಅರ್ಜಿ ಬರೆಸಲು ಬಂದರು. ಶುಲ್ಕವೇ ಬೇಡವೆಂದು ಬರೆಯಲೇ ಎಂದು ಕೇಳಿದೆ.

"ಬ್ಯಾಡ ಅಂತ ಯಾಕೆ ಬರೀತೀರ? ಕಟ್ತೀವಿ. ಕಟ್ಟಿದ್ದು ನಮ್ ಬೀದೀಲಿ ಕಾಣ್ಬೇಕು ಅಂತ ಬರೀರಿ."

ಹಾಗೆಯೇ ಬರೆದೆ. ಅರ್ಜಿದಾರರ ಪಟ್ಟಿಯಲ್ಲಿ ನಾನೂ ಸಹಿ ಹಾಕಿದೆ. ಜೀವನದಲ್ಲಿ ಇದೇ ಮೊದಲು. ಸೋಮವಾರ ನಾವಿಬ್ಬರೂ ನಗರಸಭೆಯಲ್ಲಿ ಸಾಲು ನಿಂತು ಅದನ್ನು ಕೊಟ್ಟೆವು. ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳುವವರೆಗೆ ಅಲ್ಲಿಂದ ಕದಲಲಿಲ್ಲ.