ಕೊನೆಯಿಲ್ಲದ ಪಂಕ್ತಿಯ ಕೊನೆಯ ಎಲೆ

ಬಿಸಿ ಅನ್ನ ಬಿದ್ದ ಬಾಳೆ ಎಲೆಯ ವಾಸನೆಗೆ ನಿಮಗೆ ಹಸಿವಾಗಬಹುದು; ನನಗೆ ನಗು ಬರುತ್ತದೆ. ಮೊನ್ನೆ ಮೂಡುಬಿದಿರೆಯ ಮದುವೆಯೊಂದರಲ್ಲೂ ಹಾಗೇ ಆಯಿತು.

ಅರವತ್ತರ ದಶಕದಲ್ಲಿ ನಾನು ಮದರಾಸಿನಲ್ಲಿ ಗಣಿತದ ಸಂಶೋಧನೆ ಮಾಡುತ್ತಿದ್ದೆ. ಮಾಡುತ್ತಿದ್ದೇನೆಂದು ಮನೆಗೆ ಬರೆಯುತ್ತಿದ್ದೆ ಎಂದರೆ ಹೆಚ್ಚು ಸರಿ. ಎಲ್ಲ ಕಡೆಗೂ ಕೊನೆಯಿಲ್ಲದೆ ಹಬ್ಬಿದ ಸಂಖ್ಯೆಗಳ ಕೋಷ್ಟಕ. ಕರ್ಣದ ಆಸುಪಾಸಿನ ಒಂದು ಪಟ್ಟಿ ಬಿಟ್ಟರೆ ಉಳಿದದ್ದೆಲ್ಲ ಸೊನ್ನೆ. ಅಷ್ಟು ದೊಡ್ಡದನ್ನು ಬಿಡಿಸುವುದು ಹೇಗೆ? ನಡುವಿನಿಂದ ಒಂದು ಚೌಕ ಕತ್ತರಿಸಿ ಬಿಡಿಸುವುದು, ಆಮೇಲೆ ಚೌಕವನ್ನು ಹಿಗ್ಗಿಸುತ್ತಾ ಹೋಗುವುದು. ಇಡೀ ಕೋಷ್ಟಕಕ್ಕೆ ಉತ್ತರವಿದ್ದರೆ ತುಂಡುಗಳ ಉತ್ತರವೂ ಹದ್ದು ಮೀರದೆ ನಿಲ್ಲುತ್ತದೆಂದು ಮೂವತ್ತು ಪುಟಗಳಲ್ಲಿ ಸಾಧಿಸಿದ್ದೆ. "ಈ ಸಲವೂ ತಪ್ಪಾದರೆ ಬೇರೆ ದಾರಿ ನೋಡಿಕೊಳ್ಳಿ" ಎಂದಿದ್ದರು ಗುರುಗಳು.

ರಜೆಗೆ ಊರಿಗೆ ಬಂದಿದ್ದೆ; ಗುರುಗಳಿಗೆ ಕಳಿಸಬೇಕಿದ್ದ ಆ ಪುಟಗಳ ಲಕೋಟೆ ಚೀಲದಲ್ಲಿತ್ತು. ನರಿಕೊಂಬಿನಲ್ಲಿ ಅತ್ತೆಯ ಮಗಳ ಮದುವೆಯೂಟ ಮುಗಿಸಿ ಬಂಟ್ವಾಳದ ಅಂಚೆ ಕಚೇರಿಗೆ ಹೋಗುವುದೊಂದೇ ಬಾಕಿ. ಪಂಕ್ತಿಯ ಕಟ್ಟಕಡೆಗೆ, ಚಪ್ಪರದ ಅಂಚಿನಲ್ಲಿ ಕುಳಿತೆ. ಎಲೆಗೆ ಉಪ್ಪು, ಉಪ್ಪಿನಕಾಯಿ ಬಿದ್ದಿತ್ತಷ್ಟೆ. ಊರಿನ ಮುಖಂಡರಾದ ಹಿರಿಯ ಗುರಿಕಾರರು ತಡವಾಗಿ ಬಂದರು.

"ಗುರಿಕಾರ್ರಿಗೆ ಮೊದಲ ಎಲೆ ಬಿಡಿ! ಎಲ್ಲರೂ ಒಂದೊಂದು ಎಲೆ ಆಚೆ ಜರುಗುವ!" ಎಂದು ಅತ್ತೆ ಕೂಗಿದರು.

ಎಲ್ಲರೂ ಜರುಗಿದರು. ಪಕ್ಕದವರು ನನ್ನ ಎಲೆಗೆ ಬಂದರು. ನಾನು ಚಪ್ಪರದಾಚೆ ಬಿಸಿಲಿಗೆ ಬಂದೆ.

ಎಲ್ಲರೂ ಒಂದು ಸ್ಥಾನ ಜರುಗುವುದೆಂದರೆ ನನ್ನ ಕೋಷ್ಟಕಗಳಲ್ಲೇ ಅತಿ ಸರಳವಾದದ್ದು. ಎರಡೂ ಕಡೆ ಕೊನೆಯಿಲ್ಲದ ಸಾಲಾದರೆ ಜರುಗಿದ ಮೇಲೂ ಒಬ್ಬರಿಗೊಂದು ಎಲೆ; ಯಾರಿಗೂ ತಕರಾರಿಲ್ಲ. ಆದರೆ ಕತ್ತರಿಸಿದ ಸಾಲಿನಲ್ಲಿ ಹತ್ತು ಜನರಿರಲಿ, ಸಾವಿರ ಜನರಿರಲಿ, ಕೊನೆಯವನು ಬಿಸಿಲಲ್ಲೇ! ಚೌಕವನ್ನು ಎಷ್ಟು ಹಿಗ್ಗಿಸಿದರೂ ಅವನಿಗೆ ಎಲೆಯಿಲ್ಲ. ನನ್ನ ಮೂವತ್ತು ಪುಟ ಉಪ್ಪಿನಕಾಯಿ ಹಂತದಲ್ಲೇ ಮುಗಿದುಹೋಯಿತು. ಅಳು ಬರಬೇಕಿತ್ತು, ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು.

"ಎಂತ ಮಾರಾಯ, ಎಲೆ ಇಲ್ಲ ಅಂತ ನಗುವವನನ್ನು ನಾನು ಇವತ್ತೇ ನೋಡಿದ್ದು!" ಎಂದರು ಅತ್ತೆ. "ಎಲೆ ಬೇಕಾದಷ್ಟು ಉಂಟು. ನೀನು ಎಲ್ಲಿಗೆ ಬಂದಿದ್ದೀಯೋ ಅಲ್ಲೇ ಹಾಕಿದರಾಯ್ತಲ್ಲ?" ಎನ್ನುತ್ತಾ ನನ್ನೆದುರು ಒಂದೆಲೆ ಹಾಸಿದರು.

ನಗು ಥಟ್ಟನೆ ನಿಂತಿತು. ಅದೇ ಅಲ್ಲವೇ! ಜನರನ್ನು ಎಲ್ಲಿಂದ ಎಣಿಸಿದೆನೋ ಎಲೆಗಳನ್ನೂ ಅಲ್ಲಿಂದಲೇ ಎಣಿಸಬೇಕೆಂದು ಹೇಳಿದವರು ಯಾರು? ಎಲೆಗಳ ಸಾಲನ್ನು ಒಂದು ಸ್ಥಾನ ಸರಿಸಿ ಕತ್ತರಿಸಿದರೆ ಎಲ್ಲರಿಗೂ ಎಲೆ! ಪಾಯಸ ಬರುವ ಮೊದಲೇ ಎಡಗೈಯಲ್ಲಿ ಲಕೋಟೆ ಒಡೆದೆ. ತಿದ್ದಿದ ಪುಟಗಳು ಅಂಚೆ ಸೇರಿದ್ದು ಮೂರು ವಾರಗಳ ಬಳಿಕ. ಗುರುಗಳು ನನ್ನನ್ನು ಓಡಿಸಲಿಲ್ಲ.

ಮೊನ್ನೆ ಮೂಡುಬಿದಿರೆಯಲ್ಲಿ ತಡವಾಗಿ ಬಂದ ಹಿರಿಯ ನಾನೇ. "ಸರ್‌ಗೆ ಮೊದಲ ಎಲೆ ಬಿಡಿ" ಎಂದರು ಯಾರೋ, ಸಾಲು ಜರುಗತೊಡಗಿತು. ನಾನು ಕೂರಲಿಲ್ಲ. ಒಂದು ಬಾಳೆ ಎಲೆ ಎತ್ತಿಕೊಂಡು, ಈ ಮಂಡಿಗಳು ಒಪ್ಪಿದಷ್ಟು ವೇಗದಲ್ಲಿ ಆ ತುದಿಗೆ ಓಡಿದೆ. ಅಲ್ಲಿ ಎಲೆ ಕಳೆದುಕೊಂಡು ನಿಂತಿದ್ದ ಹೆಂಗಸು ಗಾಬರಿಯಿಂದ ನೋಡಿದರು.

"ಕೂತ್ಕೊಳ್ಳಿ ಅಮ್ಮ," ಎಂದು ಎಲೆ ಹಾಸಿದೆ. "ಈ ಜಾಗದ ಋಣ ನನ್ನ ಮೇಲೆ ಉಂಟು."