ನಕ್ಷೆ ಮಲ್ಲಪ್ಪನವರು ಸೇರಿಸಿದ ಗೆರೆ

ಮಲ್ಲಪ್ಪನವರು ಗೆರೆ ಎಳೆಯುವಾಗ ಉಸಿರಾಡುತ್ತಿರಲಿಲ್ಲ. ಇದು ಉತ್ಪ್ರೇಕ್ಷೆಯಲ್ಲ, ನಂಜನಗೂಡಿನ ಅವರ ಮನೆಯ ಮಹಡಿಯಲ್ಲಿ ಎರಡು ವರ್ಷ ಬಾಡಿಗೆಗಿದ್ದ ನಾನು ಕಣ್ಣಾರೆ ಕಂಡದ್ದು. ನಿಬ್ಬು ಕಾಗದಕ್ಕೆ ತಾಗಿದೊಡನೆ ಉಸಿರು ಬಂದ್. ನಿಬ್ಬು ಮೇಲೆದ್ದ ನಂತರವೇ ಮೂಗಿನಿಂದ 'ಉಸ್' ಎಂದು ಗಾಳಿ ಹೊರಗೆ ಬರುತ್ತಿತ್ತು. ಆ ನಡುವೆ ಯಾರು ಕರೆದರೂ ಉತ್ತರವಿಲ್ಲ. ಅವರ ಹೆಂಡತಿ ನೀಲಮ್ಮ ಅಡುಗೆಮನೆಯಿಂದ ಏನಾದರೂ ಕೇಳಿ, ಉತ್ತರ ಬಾರದಿದ್ದರೆ ಬಾಗಿಲಿಗೆ ಬಂದು ಕೈಕಟ್ಟಿ ನಿಲ್ಲುತ್ತಿದ್ದರು. ನಾನು ನಡುವೆ ಬಾಯಿ ಹಾಕಿದರೆ, "ಸುಮ್ಕಿರು ಮಗ, ಗೆರೆ ಮುಗೀಲಿ" ಅನ್ನುತ್ತಿದ್ದರು. ಒಮ್ಮೆ ಗ್ಯಾಸ್ ತಂದವನು ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡೇ ಗೆರೆ ಮುಗಿಯುವವರೆಗೆ ನಿಂತಿದ್ದ. ಅವನ ದುರದೃಷ್ಟ, ಅದು ಬಲು ಉದ್ದದ ಗೆರೆ.

ಮಲ್ಲಪ್ಪನವರು ಸೋಸಲೆ ಕಡೆಯವರು. ಸರ್ವೆಯರುಗಳು ಹೊಲ ಅಳೆದು ಪೆನ್ಸಿಲಿನಲ್ಲಿ ಬರೆದು ತಂದ ನಕ್ಷೆಗಳಿಗೆ ಮಸಿಯಲ್ಲಿ ಗೆರೆ ಎಳೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಆದರೆ ಕೈಗೆ ನಿವೃತ್ತಿಯಾಗಿರಲಿಲ್ಲ. ದಿನಾ ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು ಹಾಳೆ ಬರೆಯಲೇಬೇಕು. ಊರಿನ ನಕ್ಷೆ ಕೇಳುವವರಿಲ್ಲದೆ ಮನೆಯದೇ ನಕ್ಷೆ ಬರೆದರು. ಅದೂ ಮುಗಿದ ಮೇಲೆ ಅಡುಗೆಮನೆಯ ಗೂಡಿನದು, ಡಬ್ಬಿಗಳಿಗೆ ಸರ್ವೆ ನಂಬರು ಸಮೇತ. ಉಪ್ಪು ಹದಿನಾಲ್ಕು, ಹುಣಸೆಹಣ್ಣು ಹದಿನೈದು. ನೀಲಮ್ಮ ಡಬ್ಬಿಗಳನ್ನು ಅದಲುಬದಲು ಇಟ್ಟ ದಿನ ಗಂಡ ಹೆಂಡತಿಗೆ ಮಾತುಕತೆ ಇರುತ್ತಿರಲಿಲ್ಲ.

ನಾನು ಟಿ. ನರಸೀಪುರದವಳು. ನಂಜನಗೂಡಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಹುಟ್ಟುಹಬ್ಬದ ಬ್ಯಾನರುಗಳನ್ನು ಕಂಪ್ಯೂಟರಿನಲ್ಲಿ ಮಾಡುತ್ತಿದ್ದೆ. ಅಲ್ಲಿ ಕಲಿತದ್ದು ಒಂದೇ ವಿದ್ಯೆ: ಯಾರ ತಲೆಯ ಹಿಂದಾದರೂ ಸರಿ, ಹೊಳಪು ಹಾಕುವುದು. ಒಂದು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆದು ಬಣ್ಣ ಹಾಕುವ ಅವಕಾಶ ಬಂದಾಗಲೂ ಹಸು, ಬಿಂದಿಗೆ, ಕಳ್ಳಿಗಿಡ ಎಲ್ಲದರ ಹಿಂದೆಯೂ ಹೊಳಪು ಹಾಕಿ ಮಾದರಿ ಕಳಿಸಿದೆ. ಸಂಪಾದಕಿ ಬರೆದರು: "ಬಣ್ಣ ಚೆನ್ನಾಗಿದೆ. ಆದರೆ ಯಾವುದು ಎಲ್ಲಿ ಮುಗಿಯುತ್ತದೆ ಎಂದು ತಿಳಿಯುತ್ತಿಲ್ಲ. ಹಸು ಗಾಳಿಯಲ್ಲಿ ತೇಲುತ್ತಿದೆ. ಹದಿನೈದು ದಿನದೊಳಗೆ ಇನ್ನೊಂದು ಮಾದರಿ ಕಳಿಸಿ, ನೋಡೋಣ." ಆ 'ನೋಡೋಣ' ಓದಿ ನನಗೆ ಊಟ ಸೇರಲಿಲ್ಲ. ಈ ಪುಸ್ತಕ ಕೈತಪ್ಪಿದರೆ ಜೀವಮಾನವಿಡೀ ಕಂಡವರ ತಲೆಗೆ ಹೊಳಪು ಹಾಕುತ್ತ ಕೂರಬೇಕಿತ್ತು.

ಮಾರನೆಯ ದಿನವೇ ನನ್ನ ಕೋಣೆಯ ಕಂಪ್ಯೂಟರಿನಲ್ಲಿ ಹಸುವನ್ನು ಹೊಸದಾಗಿ ಬರೆದು, ಹೊಟ್ಟೆಯ ಮೇಲೆ ಒಂದು ಸಲ ಒತ್ತಿ ಕಂದು ಬಣ್ಣ ಸುರಿದೆ. ಹಸುವಿನ ಜೊತೆಗೆ ಆಕಾಶ, ಹೊಳೆ, ಬೇಲಿ ಎಲ್ಲವೂ ಕಂದಾಗಿ ಹೋದವು. ಮಹಡಿಯ ನೀರಿನ ಟ್ಯಾಂಕು ನೋಡಲು ಬಂದಿದ್ದ ಮಲ್ಲಪ್ಪನವರು ಕಿಟಕಿಯಿಂದ ಇಣುಕಿ, "ಒತ್ತುವರಿ!" ಎಂದು ಕೂಗಿದರು.

"ಏನ್ ಸಾರ್?"

"ನಿನ್ ಅಸ ಒತ್ತುವರಿ ಮಾಡ್ಕಂಡು ಕೂತದೆ ಕಣ್ ಮಗ. ಆಕಾಸವೆಲ್ಲ ಅದ್ರ ಖಾತೆಗೇ ಓಗ್ಬುಟ್ಟದೆ. ಎಲ್ಲೋ ಸರಹದ್ದು ಸೇರಿಲ್ಲ, ನೋಡು."

ಕೆಳಗೆ ಹೋಗಿ ಭೂತಗನ್ನಡಿ ತಂದು ಕಂಪ್ಯೂಟರಿನ ಪರದೆಗೇ ಹಿಡಿದರು. ಬಾಲದ ಬುಡದಲ್ಲಿ ಗೆರೆ ಸೇರಿರಲಿಲ್ಲ. ಸಾಸಿವೆ ಕಾಳಿನಷ್ಟು ಸಂದು, ಬಣ್ಣ ಅಲ್ಲಿಂದಲೇ ಸೋರಿತ್ತು. ಆಮೇಲೆ ಉಳಿದ ಗೆರೆಗಳ ಮೇಲೂ ಕನ್ನಡಿ ಆಡಿಸಿದರು. "ಇದು ಗೆರೆಯಾ, ಕಂಬ್ಳಿಉಳಾನಾ? ಒಂದೇ ಕಾಲ್ನ ಇಪ್ಪತ್ತು ಕಿತ ಎಳ್ದಿದೀಯಲ್ಲ, ಇದ್ರಲ್ಲಿ ಯಾವ್ದು ಎಲ್ಲೆ? ಇಂಥ ನಕ್ಷೆ ಕೊಟ್ರೆ ಅಣ್ಣತಮ್ಮದೀರು ಮಚ್ಚು ಇಡ್ಕತಾರೆ."

ತಪ್ಪಾದರೆ ಅಳಿಸುವ ಗುಂಡಿ ಇದೆ ಎಂದು ಒತ್ತಿ ತೋರಿಸಿದೆ. ಅವರು ಭೂತಗನ್ನಡಿ ಕೆಳಗಿಟ್ಟರು.

"ಒತ್ತಿದ್ರೆ ತಪ್ಪು ಮಾಡಿದ್ದು ಯಾರ್ಗೂ ತಿಳಿಯಾಕಿಲ್ವಾ?"

"ಇಲ್ಲ ಸಾರ್."

"ಅದ್ಕೇ ನೀನು ಕಲ್ತಿಲ್ಲ."

ಕಂಪ್ಯೂಟರಿಗೆ ಹತ್ತು ದಿನ ಬಟ್ಟೆ ಮುಚ್ಚಿಸಿದರು. ನಿಬ್ಬಿನ ಪೆನ್ನು, ಕಪ್ಪು ಮಸಿ, ಒಂದು ಕಟ್ಟು ಹಾಳೆ. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಎರಡು ಗಂಟೆ ಅವರ ಪಕ್ಕ ಕೂರಬೇಕು, ಒಂದು ಗೆರೆಯನ್ನು ಒಂದೇ ಸಲ ಎಳೆಯಬೇಕು. ನಾನು ಉಸಿರು ಹಿಡಿಯಲು ಹೋಗಿ ಮೊದಲ ದಿನ ತಲೆಸುತ್ತಿ ಗೋಡೆಗೆ ಒರಗಿದೆ. ನೀಲಮ್ಮ ಬೆಲ್ಲದ ನೀರು ಕೊಟ್ಟು, "ಒಬ್ರದ್ದೇ ಸಾಕಾಗಿತ್ತು, ಈಗ ಇಬ್ರಾದ್ರು" ಎಂದರು.

ಮೂರನೆಯ ದಿನ, ಅರ್ಧ ಮುಗಿದಿದ್ದ ಹಸುವಿನ ಮೇಲೆ ಮಸಿಯ ಹನಿ ಬಿತ್ತು. ನನಗೆ ಅಳುವೇ ಬಂತು. ಆಗ ಮಲ್ಲಪ್ಪನವರು ತಮ್ಮ ಬೋಳು ಮೇಲ್ದುಟಿಯನ್ನು ಸವರಿಕೊಳ್ಳುತ್ತ ಹಳೆಯದೊಂದನ್ನು ಹೇಳಿದರು. ಹರೆಯದಲ್ಲಿ ಅವರಿಗೆ ದೊಡ್ಡ ಮೀಸೆಯಿತ್ತಂತೆ. ಒಂದು ಊರಿನ ನಕ್ಷೆಗೆ ಮಸಿ ಹಚ್ಚುವಾಗ ಮೀಸೆಯ ಕೂದಲೊಂದು ನಿಬ್ಬಿನ ಸೀಳಿಗೆ ಸಿಕ್ಕಿ, ಹೊಲದ ನಡುವೆ ಸಣ್ಣದೊಂದು ಡೊಂಕು ಗೆರೆ ಎಳೆದುಬಿಟ್ಟಿತು. ನೋಡಿದವರೆಲ್ಲ ಅದನ್ನು ಹಳ್ಳ ಎಂದುಕೊಂಡರು. ನಕ್ಷೆಯಲ್ಲಿ ಹಳ್ಳ ಇದೆ, ನೆಲದ ಮೇಲೆ ಇಲ್ಲ. ಹಾಗಾದರೆ ಹೊಲದವನೇ ಮುಚ್ಚಿಕೊಂಡಿದ್ದಾನೆ ಎಂದು ಅಕ್ಕಪಕ್ಕದವರು ಅವನ ಮೇಲೆ ದೂರು ಕೊಟ್ಟರು.

"ನಾನೇ ಆ ಊರ್ಗೋಗಿ, ಜನದ್ ಮುಂದೆ ನಿಂತ್ಕಂಡು, ಅದು ಅಳ್ಳ ಅಲ್ಲ ಕಣ್ರಪ್ಪ, ನನ್ ಮೀಸೆ ಅಂದೆ. ಸಾಯಂಕಾಲ್ವೇ ಬೋಳಿಸ್ದೆ. ಮನೆಗ್ ಬಂದ್ರೆ ಇವಳು ಬಾಗ್ಲಲ್ಲೇ ನಿಲ್ಸಿ, ಯಾರ್ ಬೇಕಾಗಿತ್ತು ಅಂತ ಕೇಳಿದ್ಲು."

ಊರಿನ ಹೆಸರನ್ನು ಮಾತ್ರ ನನಗೂ ಹೇಳಲಿಲ್ಲ.

ಅವರಿಗೆ ಚಿತ್ರಕಲೆಯ ಗಂಧಗಾಳಿ ಇರಲಿಲ್ಲ, ಹಸುವನ್ನೂ ಒಂದು ಗ್ರಾಮವೆಂದೇ ತಿಳಿದಿದ್ದರು. "ಊರ್ ಎಲ್ಲೆ ದಪ್ಪ, ಒಲದ ಎಲ್ಲೆ ಸಣ್ಣ, ಗಾಡಿಜಾಡು ಚುಕ್ಕಿ" ಎಂದು ಹೇಳಿಕೊಟ್ಟರು. ನಾನು ಹಸುವಿನ ಮೈಸುತ್ತಿನ ಗೆರೆ ದಪ್ಪ, ಕತ್ತಿನ ಮಡಿಕೆ ಸಣ್ಣ, ರೋಮ ಚುಕ್ಕಿ ಮಾಡಿದೆ. ಕಾಲು ಮತ್ತು ಹುಲ್ಲನ್ನು ಕಲಸಿಬಿಟ್ಟ ದಿನ ಗದರಿದರು: "ಕಾಲು ಮುಂದೋ, ಉಲ್ಲು ಮುಂದೋ? ಮೊದ್ಲೇ ತೀರ್ಮಾನ ಮಾಡು. ಒಂದ್ ಜಾಗ ಇಬ್ರಿಗೂ ಖಾತೆ ಮಾಡಾಕಾಗಲ್ಲ." ಇಷ್ಟು ದಿನ ನಾನು ಆ ತೀರ್ಮಾನವನ್ನು ತಪ್ಪಿಸಿಕೊಳ್ಳಲೆಂದೇ ಎಲ್ಲದರ ಮೇಲೂ ಹೊಳಪು ಎರಚುತ್ತಿದ್ದೆ ಎಂದು ಆಗ ಹೊಳೆಯಿತು. ನಾಚಿಕೆಯೂ ಆಯಿತು.

ಹನ್ನೊಂದನೆಯ ದಿನ ಕಂಪ್ಯೂಟರಿನ ಬಟ್ಟೆ ತೆಗೆದು, ಮಸಿಯ ಹಸುವನ್ನು ಸ್ಕ್ಯಾನ್ ಮಾಡಿ ಬಣ್ಣ ಸುರಿದೆ. ಬಣ್ಣ ಹಸುವಿನೊಳಗೇ ನಿಂತಿತು. ಗೆರೆ ದಪ್ಪವಿದ್ದ ಕಡೆ ನೆರಳು ಎಂದು ಗೆರೆಯೇ ಹೇಳುತ್ತಿತ್ತು. ನಾಲ್ಕೇ ಬಣ್ಣದಲ್ಲಿ ಪುಟ ಮುಗಿಯಿತು. ಸಂಪಾದಕಿಯ ಉತ್ತರ ಎರಡನೆಯ ದಿನ ಬಂತು: "ಈಗ ಹಸು ನೆಲದ ಮೇಲೆ ನಿಂತಿದೆ. ಪುಸ್ತಕ ನೀವೇ ಮಾಡಿ." ಕುಣಿದುಕೊಂಡು ಕೆಳಗಿಳಿದು ಹೇಳಿದರೆ ಮಲ್ಲಪ್ಪನವರು, "ನಿಂತ್ಕಳ್ದೆ ಏನ್ ಮಾಡದು? ಪಕ್ಕಾ ಎಲ್ಲೆ ಮಾಡ್ಕೊಟ್ಟಿದೀವಲ್ಲ" ಎಂದರು, ಅರ್ಜಿ ವಿಲೇವಾರಿ ಮಾಡಿದವರ ಹಾಗೆ.

ಪುಸ್ತಕ ಅಚ್ಚಾಗುವ ಹೊತ್ತಿಗೆ ನಾನು ಫ್ಲೆಕ್ಸ್ ಅಂಗಡಿ ಬಿಟ್ಟು ನರಸೀಪುರಕ್ಕೆ ಮರಳಿದ್ದೆ. ಮೊದಲ ಪ್ರತಿ ಹಿಡಿದುಕೊಂಡು ನಂಜನಗೂಡಿನ ಬಸ್ಸು ಹತ್ತಿದೆ. ಮಲ್ಲಪ್ಪನವರು ಬಡವಾಗಿದ್ದರು; ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ಅದು ತುಳುಕುತ್ತಿತ್ತು. ಆದರೂ ಭೂತಗನ್ನಡಿ ತರಿಸಿ, ಪುಟಪುಟವನ್ನೂ ಸ್ಥಳ ತನಿಖೆ ಮಾಡಿ, ಕೊನೆಗೊಂದು ಕಡೆ ಬೆರಳಿಟ್ಟರು.

"ಗಿಣಿ ಬಾಲ ಸೇರುಸ್ದೆ ಬುಟ್ಟಿದೀಯ."

"ಅದು ಗೊತ್ತಾಗಿ ಅಲ್ಲಿ ಕೈಯಲ್ಲೇ ಬಣ್ಣ ತುಂಬ್ದೆ ಸಾರ್. ಸೋರಿಲ್ವಲ್ಲ."

"ಸೋರ್ದೇ ಇದ್ಬುಟ್ರೆ ಸರಹದ್ದು ಸೇರ್ದಂಗಾಯ್ತಾ? ಪುಸ್ತಕ ಇಲ್ಲೇ ಬುಟ್ಟೋಗು. ಕೈ ನೆಟ್ಟಗಿರೋ ದಿನ ಸೇರುಸ್ತೀನಿ."

ಒಂದೂವರೆ ತಿಂಗಳಿಗೆ ಫೋನ್ ಬಂತು. ನಾನು ಹೋಗುವಷ್ಟರಲ್ಲಿ ಅಂತ್ಯಕ್ರಿಯೆಯೂ ಮುಗಿದಿತ್ತು. ನೀಲಮ್ಮ ಮಲ್ಲಪ್ಪನವರ ಬರೆಯುವ ಮಣೆಯ ಪಕ್ಕ ಕೂತಿದ್ದರು.

"ತಿಂಡಿಗ್ ಕರ್ದೆ. ಮಾತಾಡ್ನಿಲ್ಲ. ಬಾಗ್ಲಲ್ಲಿ ನಿಂತ್ಕಂಡೆ, ಗೆರೆ ಮುಗೀಲಿ ಅಂತ. ಎಷ್ಟೊತ್ತು ನಿಂತಿದ್ನೋ ಕಣ್ ಮಗ."

ನನಗೆ ದುಃಖ ತಡೆಯಲಾಗಲಿಲ್ಲ. ಅವರು ಅಳಲಿಲ್ಲ. ಮಣೆಯ ಮೇಲಿದ್ದ ಪುಸ್ತಕವನ್ನೂ ಭೂತಗನ್ನಡಿಯನ್ನೂ ನನ್ನ ಕಡೆ ಸರಿಸಿದರು. "ನಂಗೆ ಕಣ್ಣು ಕಾಣಾಕಿಲ್ಲ. ನೋಡು, ಮುಗ್ದದಾ?"

ಗಿಣಿಯ ಪುಟ ತೆರೆದೇ ಇತ್ತು. ಬಾಲದ ಹತ್ತಿರ ಹೊಸ ಮಸಿಯ ಗಿಡ್ಡ ಗೆರೆಯೊಂದು ಉದ್ದಕ್ಕೂ ನಡುಗಿಕೊಂಡು ಹೋಗಿ ಆಚೆಯ ತುದಿಗೆ ಮುಟ್ಟಿತ್ತು.

"ಮುಗ್ದಿದೆ ಅಮ್ಮ. ಸೇರಿದೆ."

ನೀಲಮ್ಮ ಆಗ ಉಸಿರು ಬಿಟ್ಟರು.